ಬೆರಳಿಗಾಗಿ ಬಿಟ್ಟ ಅನ್ನ

ಹೋದ ವರ್ಷದ ಫಾಲ್ಗುಣ ಬಹುಳ ನವಮಿ, ಬೆಳಗಿನ ಐದು ಗಂಟೆ, ಹೊಸನಗರದ ನಮ್ಮ ಬಾಡಿಗೆ ಮನೆ. ಹಾಜರಿದ್ದವರು ಇಬ್ಬರು: ನಾನು ಮತ್ತು ನನ್ನ ತಮ್ಮ. ಅವನು ಕುರ್ಚಿಯಲ್ಲಿ ಕುಳಿತು ಎಡಗಾಲು ಚಾಚಿದ್ದ. ನಾನು ನೆಲದ ಮೇಲೆ ಕುಳಿತು ಅವನ ಕಿರುಬೆರಳಿನ ಪಟ್ಟಿ ಬಿಚ್ಚುತ್ತಿದ್ದೆ. ಗಾಯ ಕೂಡಿಕೊಂಡಿತ್ತು. ಕಪ್ಪಗಾಗಿದ್ದ ಚರ್ಮವೆಲ್ಲ ಉದುರಿ, ಬೆರಳು ಸುಲಿದ ಹುಣಸೆಬೀಜದ ಹಾಗೆ ನುಣುಪಾಗಿತ್ತು. ಉಗುರು ಮಾತ್ರ ಹೋಗಿತ್ತು. ಹೊಸ ಪಟ್ಟಿ ಕಟ್ಟಲು ಕೈಹಾಕಿದಾಗ ಅವನು ಕಾಲು ಹಿಂದಕ್ಕೆಳೆದುಕೊಂಡ.

“ಇವತ್ತು ಪಟ್ಟಿ ಬ್ಯಾಡ ಅಕ್ಕಯ್ಯ. ಕಾಲು ತೊಳೆಯಕ್ಕಾದ್ರೆ ಕಾಣ್ತು.”

ಅವನು ಹೇಳಿದ್ದು ಸರಿ. ಅವನು ಹೊರಟದ್ದು ಬ್ರಾಹ್ಮಣಾರ್ಥಕ್ಕೆ ಕೂರಲು. ಶ್ರಾದ್ಧದ ದಿನ ಸತ್ತ ಹಿರಿಯರ ಜಾಗದಲ್ಲಿ ಒಬ್ಬರನ್ನು ಕೂರಿಸಿ, ಕಾಲು ತೊಳೆದು, ಪೂಜೆ ಮಾಡಿ, ಎಲೆ ತುಂಬ ಬಡಿಸುತ್ತಾರೆ. ಅವರು ಉಂಡದ್ದು ಸತ್ತವರಿಗೆ ಮುಟ್ಟುತ್ತದೆ ಎಂದು ಲೆಕ್ಕ. ನನ್ನ ತಮ್ಮ ಪ್ರಾಯದಲ್ಲೇ ಈ ಕೆಲಸ ಹಿಡಿದವನು. ಸಾಗರದಿಂದ ತೀರ್ಥಹಳ್ಳಿಯವರೆಗೆ ಅವನು ಯಾರ ಅಪ್ಪ, ಯಾರ ಅಜ್ಜಿಯಾಗಿ ಉಂಡಿಲ್ಲವೆಂದು ಹೇಳುವುದು ಕಷ್ಟ. ಗೌರವದಿಂದ ಕರೆಯುತ್ತಿದ್ದರು, ಗೌರವದಿಂದ ತುಂಬಿಸಿ ಕಳಿಸುತ್ತಿದ್ದರು. ಆ ತುಂಬಿಸಿದ್ದೇ ಅವನಿಗೆ ಸಕ್ಕರೆ ಕಾಯಿಲೆ ತಂದಿತು, ಕಾಯಿಲೆ ಬೆರಳಿಗೆ ಇಳಿಯಿತು.

ಆ ಪೀಠಕ್ಕೆ ಒಂದು ನಿಯಮವಿದೆ. ಅಂಗ ಊನವಾದವರು ಕೂರುವಂತಿಲ್ಲ. ಸಾಗರದ ಡಾಕ್ಟರು ಹಿಂದಿನ ಮಳೆಗಾಲದ ಕೊನೆಗೆ ಬೆರಳನ್ನು ಒತ್ತಿ ನೋಡಿ, ಸಕ್ಕರೆ ಹೀಗೇ ಇದ್ದರೆ ಬೆರಳು ತೆಗೆಯಬೇಕಾಗುತ್ತದೆ, ಅನ್ನ ಬಿಟ್ಟು ನೋಡಿ, ಉಳಿದರೂ ಉಳಿಯಬಹುದು ಎಂದಿದ್ದರು. ತಮ್ಮನ ಮುಖ ಬಿಳಚಿಕೊಂಡದ್ದು ಬೆರಳಿನ ಮೇಲಿನ ಪ್ರೀತಿಯಿಂದಲ್ಲ. ಬೆರಳು ಹೋದರೆ ಪೀಠ ಹೋಗುತ್ತದೆ. ಹೆಂಡತಿ ಮೊದಲೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅವನನ್ನು ಜನ ಕೇಳಿಕೊಂಡು ಬರುತ್ತಿದ್ದುದು ಆ ಒಂದು ಮಣೆಗಾಗಿ ಮಾತ್ರ. ಮತ್ತೆ ಮಣೆಯ ಮೇಲೆ ಕುಳಿತು ಅನ್ನ ಉಣ್ಣುವುದಕ್ಕಾಗಿ ಅವನು ಅನ್ನ ಬಿಡಲು ಒಪ್ಪಿದ. ಡಾಕ್ಟರು ಇದನ್ನು ಕೇಳಿ ನಕ್ಕರು. ನಾನು ನಗಲಿಲ್ಲ. ಕಾರಣ ಯಾವುದಾದರೇನು, ಒಪ್ಪಿದನಲ್ಲ.

ನಾನು ಸಾಗರದ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ಗಂಟೆ ಹೊಡೆದರೆ ಊಟ, ಗಂಟೆ ಹೊಡೆದರೆ ಏಳು. ತಮ್ಮನನ್ನು ಮನೆಗೆ ಕರೆತಂದ ದಿನವೇ ಅಕ್ಕಿ ಡಬ್ಬಿಯನ್ನೂ ಸಕ್ಕರೆ ಡಬ್ಬಿಯನ್ನೂ ಪಕ್ಕದ ಮನೆಗೆ ಕೊಟ್ಟೆ. ನಮ್ಮ ಕಡೆ ಬೆಳಿಗ್ಗೆ ದೋಸೆಯೂ ಅಕ್ಕಿ, ಮಧ್ಯಾಹ್ನ ಅನ್ನವೂ ಅಕ್ಕಿ, ರಾತ್ರಿ ಮಜ್ಜಿಗೆಯನ್ನವೂ ಅಕ್ಕಿ, ನಡುವೆ ಬಾಯಿಗೆಸೆಯುವ ಅವಲಕ್ಕಿಯೂ ಅಕ್ಕಿ. ಅದನ್ನು ತೆಗೆದರೆ ಉಳಿಯುವುದೇನು ಎಂದು ಅವನು ಕೇಳಿದ. ಪಲ್ಯ ಉಳಿಯುತ್ತದೆ ಎಂದೆ. ಅದುವರೆಗೆ ಎಲೆಯ ತುದಿಯಲ್ಲಿದ್ದ ಪಲ್ಯ ಎಲೆಯ ನಡುವಿಗೆ ಬಂತು. ಬಸಳೆ, ಬಾಳೆದಿಂಡು, ಉಪ್ಪಿನಲ್ಲಿಟ್ಟ ಬಿದಿರ ಕಳಲೆ, ತೆಂಗಿನಕಾಯಿ ಧಾರಾಳ, ಮೊಳಕೆ ಬರಿಸಿದ ಹೆಸರುಕಾಳು ಲೆಕ್ಕದಲ್ಲಿ, ಒಂದೆಲಗದ ತಂಬುಳಿ ಕುಡಿಯಲು. ಮೊದಲ ವಾರ ತಲೆನೋವೆಂದು ಗೋಡೆಗೆ ಹಣೆ ಒತ್ತಿ ಕುಳಿತ. ಉಪ್ಪು ಹಾಕಿದ ಮಜ್ಜಿಗೆ ಕೊಟ್ಟು ಎಬ್ಬಿಸಿದೆ. ಒಮ್ಮೆ ಪಕ್ಕದ ಮನೆಯ ಕುಕ್ಕರ್ ಕೂಗಿದಾಗ ಅವನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿದ್ದೇನೆ. ಕಿಟಕಿ ಮುಚ್ಚಿದೆ.

ಪೇಟೆಯಲ್ಲಿ ತಮಾಷೆ ಶುರುವಾಯಿತು. ಭಟ್ಟರಿಗೆ ಅಕ್ಕ ಸೊಪ್ಪು ಹಾಕಿ ಸಾಕುತ್ತಿದ್ದಾಳೆ, ಹೊತ್ತಿಗೆ ಎಷ್ಟು ಹಾಲು ಕೊಡುತ್ತಾರೆ ಎಂದು ಬಸ್‌ ಸ್ಟ್ಯಾಂಡಿನಲ್ಲಿ ಯಾರೋ ಕೇಳಿದರಂತೆ. ತಮ್ಮನೇ ಬಂದು ಹೇಳಿದ. ಅಷ್ಟರಲ್ಲಿ ಅವನ ಹೊಟ್ಟೆ ಇಳಿದು, ಪಂಚೆಯ ಗಂಟು ನಿಲ್ಲದೆ ಬೆಲ್ಟು ಕಟ್ಟುವ ಹಾಗಾಗಿತ್ತು. ಸಕ್ಕರೆಯೂ ಇಳಿಯಿತು. ಡಾಕ್ಟರು ಎರಡು ಹೊತ್ತಿನ ಗುಳಿಗೆಯನ್ನು ಒಂದೇ ಹೊತ್ತಿಗೆ, ಅದನ್ನೂ ಅರ್ಧಕ್ಕೆ ಇಳಿಸಿದರು. ಅನ್ನ ಬಿಟ್ಟವನಿಗೆ ಹಳೆಯ ಪ್ರಮಾಣ ಅಪಾಯ, ಸಕ್ಕರೆ ಕೆಳಕ್ಕೆ ಹೋಗಿ ಬಿದ್ದುಬಿಡುತ್ತಾರೆ, ಹೊಟ್ಟೆಗೆ ಏನೂ ಬೀಳದೆ ಗುಳಿಗೆ ನುಂಗಲೇಬಾರದು ಎಂದು ಇಬ್ಬರನ್ನೂ ಎದುರು ಕೂರಿಸಿ ಹೇಳಿದ್ದರು.

ಹೀಗಿರುವಾಗ ಮೇಳಿಗೆ ಎಂಬ ಊರಿನ ಹತ್ತಿರದ ಒಂದು ಮನೆಯಿಂದ ಫೋನು ಬಂತು. ಯಜಮಾನರು ತೀರ್ಥಹಳ್ಳಿ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟವರು. ಅವರ ತಂದೆಯ ಮೊದಲ ವರ್ಷದ ಶ್ರಾದ್ಧ. ಒಪ್ಪಿಕೊಂಡಿದ್ದವರು ಹಿಂದೆ ಸರಿದಿದ್ದರು. ಅವರು ನಮ್ಮ ಪಂಗಡದವರಲ್ಲ. ಮೊದಲಾಗಿದ್ದರೆ ನಮ್ಮವರನ್ನು ಆ ಪೀಠಕ್ಕೆ ಕರೆಯುತ್ತಲೇ ಇರಲಿಲ್ಲ. ಈಗ ಕೂರುವವರೇ ಸಿಗುವುದಿಲ್ಲ, ಹಾಗಾಗಿ ಅದನ್ನೆಲ್ಲ ಯಾರೂ ಕೇಳುವುದಿಲ್ಲ. ಫೋನಿನಲ್ಲಿ ಮಾತಾಡುವಾಗಲೇ ತಮ್ಮ ಎದ್ದು ನಿಂತಿದ್ದ. ನಾನು ಫೋನು ತೆಗೆದುಕೊಂಡು, ಅವನಿಗೆ ಎಲ್ಲವನ್ನೂ ಒಂದೊಂದು ತುತ್ತಿನಷ್ಟೇ ಬಡಿಸಬೇಕು, ನಾನೂ ಜೊತೆಗೆ ಬರುತ್ತೇನೆ ಎಂದೆ. ಯಜಮಾನರು ಆಗಲಿ ಎಂದರು. ಹಿಂದಿನಿಂದ ಮುದುಕಿಯೊಬ್ಬರ ದನಿ, ಸಕ್ಕರೆ ಯಾರು ಹಾಕ್ತಾರೆ, ನಮ್ಮಲ್ಲಿ ಎಲ್ಲ ಬೆಲ್ಲದ್ದೇ, ಬೆಲ್ಲ ತಂಪು ಎಂದಿತು.

ಆ ದಿನ ಬೆಳಿಗ್ಗೆ ರಕ್ತದ ಸಕ್ಕರೆ ನೋಡಿದೆ, ಚೆನ್ನಾಗಿತ್ತು. ಬ್ರಾಹ್ಮಣಾರ್ಥದವರು ಎಲೆಯ ಮುಂದೆ ಕೂರುವವರೆಗೆ ಏನೂ ತಿನ್ನುವಂತಿಲ್ಲ. ಆದ್ದರಿಂದ ಇವತ್ತು ಗುಳಿಗೆಯೂ ಇಲ್ಲ ಎಂದು ಹೇಳಿದೆ. ತಲೆಯಾಡಿಸಿದ. ಸ್ನಾನಕ್ಕೆ ಹೋದ. ಅವರು ಕಳಿಸಿದ ಕಾರು ಬೆಳಕು ಹರಿದ ಮೇಲೆ ಬಂತು. ದಾರಿಯುದ್ದಕ್ಕೂ ತಮ್ಮ ಗೆಲುವಾಗಿದ್ದ. ಮನೆ ಮನೆಯ ಪಾಯಸಗಳನ್ನು ನೆನಪು ಮಾಡಿಕೊಂಡು ಡ್ರೈವರನಿಗೆ ಹೇಳುತ್ತಿದ್ದ.

ಹೊಸದಾಗಿ ಕಟ್ಟಿಸಿದ ತಾರಸಿ ಮನೆ, ಹೊಳೆಯುವ ನೆಲ. ಇನ್ನೊಂದು ಪೀಠಕ್ಕೆ ಅದೇ ಊರಿನ ಒಬ್ಬರು ಬಂದು ಕುಳಿತಿದ್ದರು. ಮಂತ್ರ ಹೇಳುವ ಪುರೋಹಿತರು ಅವಸರದಲ್ಲಿದ್ದರು, ಮಧ್ಯಾಹ್ನ ಅವರಿಗೆ ಬೇರೆ ಕಡೆ ಹೋಗುವುದಿತ್ತು. ಫೋನಿನಲ್ಲಿ ದನಿ ಕೇಳಿದ್ದ ಮುದುಕಿ ಸತ್ತವರ ತಂಗಿ, ಯಜಮಾನರಿಗೆ ಅತ್ತೆ. ಮಡಿಯಲ್ಲಿ ಅಡುಗೆಮನೆಯ ಬಾಗಿಲಿಗೆ ಅಡ್ಡ ಕುಳಿತು ಎಲ್ಲರನ್ನೂ ಆಳುತ್ತಿದ್ದರು. ನಾನು ಮಡಿಯಲ್ಲಿರಲಿಲ್ಲ. ನನಗೆ ಹೊರಗಿನ ಜಗಲಿಯಲ್ಲಿ ಕುರ್ಚಿ ಹಾಕಿಸಿದರು. ಅಲ್ಲಿಂದ ಒಳಗಿನದೆಲ್ಲ ಕಾಣುತ್ತಿತ್ತು.

ಕಾಲು ತೊಳೆಯುವಾಗ ಯಜಮಾನರ ಕೈ ಕಿರುಬೆರಳಿನ ಮೇಲೆ ನಿಂತಿತು. ಎಂತದಿದು ಎಂದು ಕೇಳಿದರು. ಎಡವಿದ್ದು ಎಂದ ತಮ್ಮ. ಯಜಮಾನರು ಬೆರಳನ್ನು ಆಚೀಚೆ ತಿರುಗಿಸಿ ನೋಡಿದರು, ಅಂಗಡಿಯಲ್ಲಿ ಇಂಥ ಬೆರಳುಗಳನ್ನು ಬೇಕಾದಷ್ಟು ನೋಡಿದವರು. ಅತ್ತೆ ಕುಳಿತಲ್ಲಿಂದಲೇ ಕತ್ತು ಉದ್ದ ಮಾಡಿದರು.

“ಪೂರ್ತಿ ಉಂಟಾ, ಇಲ್ವಾ? ಅದನ್ನ ನೋಡು. ನಮ್ಮಣ್ಣ ಹತ್ತು ಬೆರಳು ಇಟ್ಕೊಂಡು ಹೋದವ.”

ಪೂರ್ತಿ ಇದೆ ಎಂದು ಯಜಮಾನರು ಹೇಳಿ ನೀರು ಹೊಯ್ದರು. ಪಂಗಡ ಬಿಟ್ಟರು, ಬೆರಳು ಬಿಡಲಿಲ್ಲ. ತಮ್ಮ ನನ್ನ ಕಡೆ ತಿರುಗಿ ನೋಡಿದ. ಆ ಮುಖವನ್ನು ನಾನು ಚಿಕ್ಕಂದಿನಿಂದ ಬಲ್ಲೆ, ಪರೀಕ್ಷೆಯಲ್ಲಿ ಪಾಸಾದ ಮುಖ. ಅಷ್ಟು ತಿಂಗಳು ಸೊಪ್ಪು ತಿಂದದ್ದಕ್ಕೆ ಆ ಕ್ಷಣ ಬೆಲೆ ಬಂದಿತ್ತು.

ಮಂತ್ರ ಮುಂದುವರಿಯಿತು. ಬಿಸಿಲು ಏರಿತು. ಮಧ್ಯಾಹ್ನದ ಹೊತ್ತಿಗೆ ತಮ್ಮ ಹೊದ್ದಿದ್ದ ಶಲ್ಯದಿಂದ ಮತ್ತೆ ಮತ್ತೆ ಕುತ್ತಿಗೆ ಒರೆಸಿಕೊಳ್ಳುವುದನ್ನು ನೋಡಿದೆ. ಪಕ್ಕದವರು ಒಣಗಿಯೇ ಇದ್ದರು. ಸ್ವಲ್ಪ ಹೊತ್ತಿಗೆ ಅವನ ಕೈಯಲ್ಲಿದ್ದ ಉದ್ಧರಣೆ ತಂಬಿಗೆಗೆ ತಾಗಿ ಟಕಟಕ ಸದ್ದು ಮಾಡತೊಡಗಿತು. ಆಮೇಲೆ ಅವನು ಹೇಳಬೇಕಾದ ಒಂದು ಮಾತನ್ನು ಹೇಳಲಿಲ್ಲ. ಪುರೋಹಿತರು ಎರಡು ಸಲ ಕೇಳಿದರು. ಅವನು ಎದುರಿನ ಗೋಡೆಯನ್ನು ನೋಡಿ ಸುಮ್ಮನೆ ನಕ್ಕ.

ನಾನು ಒಳಗೆ ನಡೆದೆ. ಯಾರೋ ಮಡಿ ಮಡಿ ಎಂದರು. ತಮ್ಮನ ಕೈಬೆರಳು ಹಿಡಿದು ಚುಚ್ಚಿ, ಚೀಲದಲ್ಲಿದ್ದ ಯಂತ್ರಕ್ಕೆ ರಕ್ತ ಮುಟ್ಟಿಸಿದೆ. ಸಕ್ಕರೆ ತೀರ ಕೆಳಕ್ಕಿಳಿದಿತ್ತು, ಗುಳಿಗೆ ನುಂಗದೆ ಅಷ್ಟು ಇಳಿಯುವುದಿಲ್ಲ. ಎಷ್ಟು ಗುಳಿಗೆ ನುಂಗಿದೆ ಎಂದು ಕೇಳಿದೆ.

“ಎರಡು. ಹಳೇದು.”

“ಎಂತಕ್ಕೆ?”

“ಎಲೆ ಮೇಲೆ ಬೀಳದಕ್ಕೆ ಮೊದ್ಲೇ ಒಂದು ಕಟ್ಟೆ ಹಾಕನ ಹೇಳಿ.”

ಇದನ್ನು ಬ್ರಾಹ್ಮಣಾರ್ಥಕ್ಕೆ ಕೂತು ಕೂತು ಹಣ್ಣಾದವನಲ್ಲದೆ ಬೇರೆ ಯಾರೂ ಮಾಡುವುದಿಲ್ಲ. ದೊಡ್ಡ ಊಟ ಬರುತ್ತದೆ, ಗುಳಿಗೆ ಮೊದಲೇ ಹೋಗಿ ಕಾದಿರಲಿ ಎಂದು ಅವನ ಲೆಕ್ಕ. ಊಟ ಬರುವುದು ಮಧ್ಯಾಹ್ನ ಕಳೆದ ಮೇಲೆ ಎಂಬುದು ಅವನಿಗಿಂತ ಚೆನ್ನಾಗಿ ಇನ್ನಾರಿಗೂ ಗೊತ್ತಿಲ್ಲ. ಹಳೆಯ ಗುಳಿಗೆಯ ಒಂದು ಪಟ್ಟಿಯನ್ನು ಪೂಜೆಯ ಚೀಲದಲ್ಲಿ ಉಳಿಸಿಕೊಂಡಿದ್ದ.

ಸಕ್ಕರೆಯೋ ಬೆಲ್ಲವೋ ತಕ್ಷಣ ಬೇಕು ಎಂದೆ. ಯಾರೂ ಅಲುಗಲಿಲ್ಲ. ಪಿತೃಗಳ ಪೂಜೆ ಮುಗಿಯುವ ಮೊದಲು ಅವನ ಬಾಯಿಗೆ ಏನಾದರೂ ಬಿದ್ದರೆ ಆ ಪೀಠ ಕೆಟ್ಟಿತು. ಯಜಮಾನರು ಗಡಿಯಾರ ನೋಡಿದರು.

“ಇನ್ನೊಂದು ಗಂಟೆ ತಡ್ಕೊಳ್ಳಿ ಭಟ್ರೇ. ಶುಗರ್ ಕಮ್ಮಿ ಆಗಿದೆ ಅಷ್ಟೆ. ಹೆಚ್ಚಾದ್ರೆ ತಾನೆ ಹೆದ್ರೋದು?”

ಹೀಗೆ ಹೇಳಿದವರು ಅದೇ ಗುಳಿಗೆಗಳನ್ನು ದಿನಾ ಮಾರುವವರು. ಕಡಿಮೆಯಾದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ನನ್ನ ಮುಖ ನೋಡಲಿಲ್ಲ. ಅತ್ತೆ ಅಷ್ಟು ಸುತ್ತು ಬಳಸಲಿಲ್ಲ.

“ಅವ್ರ ಬಾಯಿಗೆ ಬೆಲ್ಲ ಬಿದ್ರೆ ನಮ್ಮಣ್ಣನ ಬಾಯಿಗೆ ಮಣ್ಣು ಬಿದ್ದಂಗೆ. ಉಣ್ಣಕ್ಕೆ ಬಂದೋರಿಗೆ ಉಣ್ಣೋ ತನಕ ಕೂರಕ್ಕೆ ಆಗಲ್ಲ ಅಂದ್ರೆ ಎಂತಕ್ಕೆ ಬರ್ಬೇಕಿತ್ತು?”

ಅವನು ಬೆವರಿನಲ್ಲಿ ತೊಯ್ದು ಒಂದು ಪಕ್ಕಕ್ಕೆ ವಾಲುತ್ತಿದ್ದ. ಅವನ ತಲೆಯ ಮೇಲಿಂದಲೇ ಈ ಮಾತುಗಳು ಹೋಗಿ ಬರುತ್ತಿದ್ದವು. ನಾನು ಚೀಲ ತಡಕಿದೆ. ಔಷಧಿ, ಪಟ್ಟಿ, ಹತ್ತಿ, ಕುರುಕಲಿಗೆ ಶೇಂಗಾ, ಎಲ್ಲ ಇತ್ತು. ಸಕ್ಕರೆ ಇರಲಿಲ್ಲ. ಜಗಲಿಯ ಕೊನೆಯಲ್ಲಿ ಮಕ್ಕಳಿಗೂ ಡ್ರೈವರನಿಗೂ ಕಾಫಿ ಮಾಡಿದ್ದ ಒಲೆ ಇತ್ತು, ಅದರ ಪಕ್ಕ ಸಕ್ಕರೆ ಡಬ್ಬಿ. ತೆಗೆದುಕೊಂಡು ಬರುವಾಗ ಅತ್ತೆ ಎದ್ದುಬಂದು ನನ್ನ ಮಣಿಕಟ್ಟು ಹಿಡಿದರು. ಮಡಿಯಲ್ಲಿದ್ದವರು ನನ್ನನ್ನು ಮುಟ್ಟಿದರು, ಅಂದಮೇಲೆ ಅವರ ಮಡಿಯೂ ಹೋಯಿತು. ಅದನ್ನೇ ಹೇಳಿದೆ. ಕೈಬಿಟ್ಟರು.

ಒಂದು ಲೋಟ ನೀರಿಗೆ ಕೈತುಂಬ ಸಕ್ಕರೆ ಹಾಕಿ ಕಲಸಿದೆ. ತಮ್ಮ ಹಲ್ಲು ಕಚ್ಚಿಕೊಂಡ. ಅರಿವು ಪೂರ್ತಿ ಹೋಗಿರಲಿಲ್ಲ, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಬೇಡ ಬೇಡ ಎನ್ನುತ್ತಿದ್ದ. ಅಷ್ಟು ತಿಂಗಳು ಒಂದು ಚಮಚ ಸಕ್ಕರೆಗಾಗಿ ನನ್ನ ಕಾಲು ಹಿಡಿಯುವುದೊಂದನ್ನು ಬಿಟ್ಟು ಎಲ್ಲ ಮಾಡಿದವನು, ಈಗ ಲೋಟ ತುಂಬ ಸಕ್ಕರೆಯನ್ನು ತುಟಿಯ ಹೊರಗೇ ತಡೆದು ಕುಳಿತಿದ್ದ. ಹಾಸ್ಟೆಲಿನಲ್ಲಿ ಹರಳೆಣ್ಣೆ ಕುಡಿಯದ ಹುಡುಗಿಯರಿಗೆ ಮಾಡುತ್ತಿದ್ದುದನ್ನೇ ಮಾಡಿದೆ. ಮೂಗು ಹಿಡಿದೆ. ಉಸಿರಿಗೆ ಬಾಯಿ ತೆರೆದ. ಮೂಗು ಬಿಟ್ಟು, ಗುಟುಕು ಗುಟುಕಾಗಿ ಹೊಯ್ದೆ, ಒಂದು ನುಂಗಿದ ಮೇಲೆ ಇನ್ನೊಂದು.

“ನುಂಗು,” ಎಂದೆ. ನುಂಗಿದ. ಕಣ್ಣು ಮುಚ್ಚಿಕೊಂಡು ನುಂಗಿದ.

ಪುರೋಹಿತರು ಅಷ್ಟರಲ್ಲಿ ದಾರಿ ಹುಡುಕಿಯಾಗಿತ್ತು. ಬ್ರಾಹ್ಮಣರು ಸಿಗದಿದ್ದರೆ ದರ್ಭೆಯ ಕಟ್ಟನ್ನು ಕೂರಿಸಿ ಮಾಡಬಹುದು, ಶಾಸ್ತ್ರದಲ್ಲಿ ಇದೆ ಎಂದರು. ಯಜಮಾನರಿಗೆ ಹಗುರವಾಯಿತು. ತಮ್ಮನನ್ನು ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಜಗಲಿಗೆ ತಂದು ನನ್ನ ಕುರ್ಚಿಯಲ್ಲಿ ಕೂರಿಸಿದರು. ಅವನು ಕುಳಿತಿದ್ದ ಮಣೆಗೆ ನೀರು ಚಿಮುಕಿಸಿ ಒರೆಸಿದರು. ದರ್ಭೆಯ ನಾಲ್ಕು ಎಸಳನ್ನು ಗಂಟುಹಾಕಿ ಅದರ ಮೇಲೆ ನಿಲ್ಲಿಸಿದರು. ಅದು ಬಿದ್ದಿತು. ಮತ್ತೆ ನಿಲ್ಲಿಸಿ, ಅವನಿಗೆಂದು ತಂದಿದ್ದ ಪಂಚೆಯನ್ನು ಅದಕ್ಕೆ ಒತ್ತುಕೊಟ್ಟರು. ಎಲೆ ಹಾಕಿದರು. ವಡೆ, ಎಳ್ಳುಂಡೆ, ಸುಕ್ಕಿನುಂಡೆ, ಪಾಯಸ, ಹಬೆಯಾಡುವ ಅನ್ನ, ಎಲ್ಲವನ್ನೂ ಯಜಮಾನರು ಬಾಗಿ ಬಾಗಿ ಬಡಿಸಿದರು. ಒಂದೊಂದು ತುತ್ತಲ್ಲ, ಧಾರಾಳವಾಗಿ ಬಡಿಸಿದರು.

ತಮ್ಮನಿಗೆ ಅಷ್ಟರಲ್ಲಿ ಬುದ್ಧಿ ತಿಳಿಯಾಗಿತ್ತು. ಎಲ್ಲವನ್ನೂ ನೋಡಿದ. ಇಷ್ಟು ವರ್ಷ ತಾನು ಮಾಡಿದ ಕೆಲಸವನ್ನು ನಾಲ್ಕು ಎಸಳು ಹುಲ್ಲು ಮಾಡುವುದನ್ನು ಅವನು ಅದುವರೆಗೆ ನೋಡಿರಲಿಲ್ಲ. ಅತ್ತೆ ಮತ್ತೆ ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಬಂದವರು ನಮ್ಮ ಎದುರು ಒಂದು ಗಳಿಗೆ ನಿಂತು, ಹುಲ್ಲಿಗಾದರೆ ಶುಗರಿಲ್ಲ ನೋಡಿ ಎಂದು ಹೇಳಿ ಒಳಗೆ ಹೋದರು.

ಡಾಕ್ಟರಿಗೆ ಫೋನು ಮಾಡಿದೆ. ಆ ಗುಳಿಗೆ ಸಂಜೆಯವರೆಗೂ ಎಳೆಯುತ್ತಲೇ ಇರುತ್ತದೆ, ಈಗ ಏರಿದ್ದು ಮತ್ತೆ ಇಳಿಯುತ್ತದೆ, ಇವತ್ತೊಂದು ದಿನ ಅನ್ನ ಉಣ್ಣಿಸಿ, ರಕ್ತ ನೋಡುತ್ತಿರಿ, ಇಳಿದರೆ ನೇರ ಆಸ್ಪತ್ರೆಗೆ ಎಂದರು. ಆ ಮನೆಯಲ್ಲಿ ಪಿತೃಗಳ ಊಟ ಮುಗಿಯದೆ ಯಾರಿಗೂ ಅನ್ನವಿಲ್ಲ. ಕಾರು ಕೇಳಿದೆ. ಡ್ರೈವರ್ ಊಟ ಮಾಡಿ ಬರಲಿ ಎಂದರು. ಡ್ರೈವರನ ಊಟವೂ ಪಿತೃಗಳ ನಂತರ. ರಸ್ತೆಗೆ ನಡೆದು ಒಂದು ಆಟೋ ನಿಲ್ಲಿಸಿದೆ. ತಮ್ಮ ಬರಿಗಾಲಲ್ಲಿ ಹತ್ತಿದ. ಚಪ್ಪಲಿ ಅಲ್ಲೇ ಉಳಿಯಿತು. ಗಾಯವಾದ ಕಾಲು ಬರಿಗಾಲಾಗಿರುವುದು ನನಗೆ ಸರಿಬರಲಿಲ್ಲ, ಆದರೆ ತಿರುಗಿ ಹೋಗುವ ಹೊತ್ತಲ್ಲ ಅದು.

ತೀರ್ಥಹಳ್ಳಿ ಬಸ್‌ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಪ್ಲೇಟ್ ಊಟ ಹೇಳಿದೆ. ಅನ್ನ, ಸಾರು, ಹಪ್ಪಳ. ತಟ್ಟೆ ಬಂತು. ಅವನು ಅನ್ನದ ಮೇಲೆ ಕೈಯಿಟ್ಟು ಕುಳಿತ. ಸಾರು ಹೊಯ್ದುಕೋ ಎಂದೆ. ಹೊಯ್ದುಕೊಂಡ. ಉಣ್ಣು ಎಂದೆ. ಹಾಸ್ಟೆಲಿಗೆ ಹೊಸದಾಗಿ ಸೇರಿದ ಹುಡುಗಿಯರು ಉಣ್ಣುವ ಹಾಗೆ ಉಂಡ, ನಾನು ನೋಡುತ್ತಿದ್ದೇನೆಂದು. ಪಕ್ಕದ ಅಂಗಡಿಯಲ್ಲಿ ರಬ್ಬರ್ ಚಪ್ಪಲಿ ಕೊಂಡು ತೊಡಿಸಿ ಹೊಸನಗರದ ಬಸ್ಸು ಹತ್ತಿಸಿದೆ. ಬಸ್ಸಿನಲ್ಲಿ ಮತ್ತೆ ಬೆರಳು ಚುಚ್ಚಿದೆ, ಮನೆಯಲ್ಲಿ ಮತ್ತೆ ಚುಚ್ಚಿದೆ. ಇಳಿಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವನ ಫೋನು ಹೊಡೆದುಕೊಂಡಿತು. ಸಾಗರದ ಕಡೆಯ ಒಂದು ಮನೆಯವರು, ಬರುವ ತಿಂಗಳ ತಿಥಿಗೆ ಅವನನ್ನು ಮೊದಲೇ ಹೇಳಿಟ್ಟಿದ್ದವರು. ಸುದ್ದಿ ನಮ್ಮ ಬಸ್ಸಿಗಿಂತ ಮುಂದೆ ಹೋಗಿತ್ತು. ನಿಮಗೆ ಆರಾಮಿಲ್ಲವಂತೆ, ನಿಮ್ಮ ಜೀವಕ್ಕೆ ತೊಂದರೆ ಕೊಡುವುದು ನಮಗೆ ಪಾಪ, ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತೇವೆ ಎಂದು ಬಹಳ ನಯವಾಗಿ ಹೇಳಿದರು. ತಮ್ಮ ಹೌದು ಹೌದು ಎನ್ನುತ್ತ ಕೇಳಿದ. ಎಂಗೆ ಎಂತೂ ಆಜಿಲ್ಲೆ, ಆರಾಮೇ ಎಂದು ಒಂದು ಸಲ ಹೇಳಿದ, ಆ ಕಡೆಯಿಂದ ಫೋನು ಇಟ್ಟಾಗಿತ್ತು. ಅದೇ ಕೊನೆ. ಇವತ್ತಿನವರೆಗೆ ಒಂದು ಮನೆಯವರೂ ಅವನನ್ನು ಆ ಪೀಠಕ್ಕೆ ಕರೆದಿಲ್ಲ. ಎಲೆಯ ಮುಂದೆ ಬೀಳುವವನನ್ನು ಯಾರು ಅಪ್ಪನೆಂದು ಕೂರಿಸಿಕೊಳ್ಳುತ್ತಾರೆ?

ಸೌತೆಕಾಯಿ ಹೆಚ್ಚಿ ಮೊಸರಿನಲ್ಲಿ ಹಸಿ ಕಲಸಿದೆ, ಬೆಳಗಿನ ಬಾಳೆದಿಂಡಿನ ಪಲ್ಯ ಬಿಸಿ ಮಾಡಿದೆ. ಡಾಕ್ಟರು ಹೇಳಿದ್ದರಿಂದ ಆ ರಾತ್ರಿ ಪಕ್ಕದ ಮನೆಯಿಂದ ಒಂದು ಬಟ್ಟಲು ಅನ್ನ ತಂದು ಮಜ್ಜಿಗೆ ಹಾಕಿ ಕೊಟ್ಟೆ. ಉಂಡು ಕೈತೊಳೆದು ಬಂದು ಕುರ್ಚಿಯಲ್ಲಿ ಕುಳಿತ. ಕಾಲು ಚಾಚು ಎಂದೆ. ಆಟೋ ಹತ್ತುವಾಗ ಮೆತ್ತಿದ್ದ ಧೂಳನ್ನು ಬಿಸಿನೀರಿನಲ್ಲಿ ತೊಳೆದೆ. ಬೆರಳಿಗೆ ಏನೂ ಆಗಿರಲಿಲ್ಲ. ಬೆಳಗಿಗಿಂತಲೂ ಚೆನ್ನಾಗಿ ಕಂಡಿತು.

“ಇನ್ನು ಈ ಬೆರಳು ಇದ್ದರೆಷ್ಟು, ಹೋದರೆಷ್ಟು,” ಎಂದ. “ನಾಳಿಂದ ಎಂಗೆ ಅನ್ನ ಹಾಕು.”

“ಬೆರಳು ನಡಿಯಲೆ ಬೇಕು.”

“ಎಲ್ಲಿಗೆ ನಡಿಯಲೆ?”

ಪಟ್ಟಿ ಕಟ್ಟಿ ಗಂಟು ಬಿಗಿದೆ, ನಾಳೆ ಬೆಳಿಗ್ಗೆ ಅನ್ನವಿಲ್ಲ, ಅರ್ಧ ಗುಳಿಗೆ, ಅದೂ ತಿಂದ ಮೇಲೆ ಎಂದೆ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಪೂಜೆಯ ಚೀಲ ತೆಗೆದು ಉಳಿದಿದ್ದ ಹಳೆಯ ಗುಳಿಗೆಗಳನ್ನೆಲ್ಲ ಒಂದೊಂದಾಗಿ ಒಡೆದು ಬಚ್ಚಲಿಗೆ ಹಾಕಿ ನೀರು ಬಿಟ್ಟೆ. ಪಾತ್ರೆ ತೊಳೆದೆ. ಕೊನೆಗೆ ಹಾಲು ಆರಿದೆಯೇ ಎಂದು ಬೆರಳದ್ದಿ ನೋಡಿ, ಹೆಪ್ಪು ಹಾಕಿ ತಟ್ಟೆ ಮುಚ್ಚಿದೆ.